ಕೊಂಬು ಮುರಿದ ಬಸವ

ಸಂಕ್ರಾಂತಿಯ ಹಿಂದಿನ ರಾತ್ರಿ ಒಂಬತ್ತೂವರೆ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ‘ಟಿಕ್’ ಎಂದು ಸದ್ದಾಯಿತು. ಕೊಬ್ಬರಿ ಹೆಚ್ಚುತ್ತಿದ್ದ ನನ್ನ ಕೈ ನಿಂತಿತು. ಮೊರದಲ್ಲಿ ಹುರಿಗಡಲೆ ಆರಿಸುತ್ತಿದ್ದ ಅಮ್ಮ ತಲೆಯೆತ್ತಿದಳು. ಮಗಳು ಮಾತ್ರ ಎರಡೂ ಕೈಯಲ್ಲಿ ಸಿಲಿಕೋನಿನ ಅಚ್ಚು ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದಳು. ಅಚ್ಚಿನಿಂದ ಅರ್ಧ ಹೊರಬಂದಿದ್ದ ಚಾಕೊಲೇಟಿನ ಬಸವನ ಎಡಗಿವಿಯ ಹಿಂದೆ ಹೊರಟ ಬಿರುಕು ಕತ್ತನ್ನು ಬಳಸಿ ಗಂಗೆದೊಗಲಿನವರೆಗೂ ಇಳಿದಿತ್ತು. ಬಲಗೊಂಬು ಅಚ್ಚಿನೊಳಗೇ ಉಳಿದುಬಿಟ್ಟಿತ್ತು.

‘ಬೆಳಿಗ್ಗೆ ಹತ್ತಕ್ಕೆ ಹಣ್ಣೆರೆಯೋದು’ ಎಂದಳು ಮಗಳು, ಬಸವನ ಮೇಲಿಂದ ಕಣ್ಣು ತೆಗೆಯದೆ.

ಎದುರುಮನೆಯ ಹುಡುಗಿಗೆ ನಾಲ್ಕು ವರ್ಷ. ಹೋದ ಸಂಕ್ರಾಂತಿಗೆ ಎಳ್ಳಿನ ಜೊತೆ ಅಮ್ಮ ಕೊಟ್ಟ ಸಕ್ಕರೆ ಬಸವನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದನ್ನ ಚಾಕೊಲೇಟಲ್ಲಿ ಮಾಡ್ಕೊಡ್ತೀರಾ ಅಕ್ಕಾ?’ ಎಂದು ನನ್ನ ಮಗಳನ್ನು ಕೇಳಿತ್ತು. ಮನೆಯಲ್ಲೇ ಚಾಕೊಲೇಟು ಮಾಡಿ ಪರಿಚಯದವರಿಗೆ ಕೊಡುವ ಮಗಳು ವರ್ಷವಿಡೀ ಆ ಮಾತನ್ನು ಮರೆತಿರಲಿಲ್ಲ. ಐದು ವರ್ಷದೊಳಗಿನ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲ ಸೇರಿಸಿ ತಲೆಯ ಮೇಲೆ ಎರೆಯುವ ಶಾಸ್ತ್ರ ನಮ್ಮ ಬೀದಿಯಲ್ಲಿ ಇನ್ನೂ ನಡೆಯುತ್ತದೆ. ಬಿದ್ದದ್ದನ್ನು ಆರಿಸಿಕೊಳ್ಳಲು ಸುತ್ತಲಿನ ಮಕ್ಕಳು ಮುಗಿಬೀಳುತ್ತಾರೆ. ಆ ಗದ್ದಲವೆಲ್ಲ ಅಡಗಿದ ಮೇಲೆ ಮಗುವಿನ ಮಡಿಲಿಗೆ ಬಸವನನ್ನು ಇಡಬೇಕು ಎಂದು ಮಗಳು ಲೆಕ್ಕ ಹಾಕಿಕೊಂಡಿದ್ದಳು.

ಈ ಬಸವನಿಗೆ ಒಂದು ವಂಶವಿದೆ. ಅಮ್ಮ 1962ರಲ್ಲಿ ಮದುವೆಯಾಗಿ ಹನುಮಂತನಗರಕ್ಕೆ ಬರುವಾಗ ಅವಳಮ್ಮ ಟ್ರಂಕಿನ ತಳದಲ್ಲಿ ಹಳೇ ಸೀರೆ ಸುತ್ತಿ ಒಂಬತ್ತು ಮರದ ಅಚ್ಚುಗಳನ್ನು ಇಟ್ಟು ಕಳಿಸಿದ್ದರು. ಆನೆ, ನವಿಲು, ಗಿಳಿ, ಮೀನು, ತೇರು, ಗೋಪುರ, ತುಳಸಿಕಟ್ಟೆ, ಬಾಳೆಗೊನೆ, ಕಡೆಗೆ ಈ ಮಲಗಿದ ಬಸವ. ಕನ್ನಡದಲ್ಲಿ ಮರದ್ದೂ ಅಚ್ಚೇ, ಅದರೊಳಗಿಂದ ಬಂದದ್ದೂ ಅಚ್ಚೇ. ತಾಯಿಗೂ ಮಗುವಿಗೂ ಒಂದೇ ಹೆಸರಿಟ್ಟ ಹಾಗೆ. ಚಿಕ್ಕಂದಿನಲ್ಲಿ ನನಗೆ ಇದು ಗೊಂದಲವಾಗುತ್ತಿತ್ತು. ‘ಅಚ್ಚು ತಗೊಂಡು ಬಾ’ ಎಂದರೆ ಯಾವುದನ್ನು ತರುವುದು? ಈಗ ಅನ್ನಿಸುತ್ತದೆ, ಹಾಗೆ ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ.

ನಾನು ಹುಟ್ಟಿದ ವರ್ಷ ಅಮ್ಮ ಬಾಣಂತನಕ್ಕೆ ತೌರಿಗೆ ಹೋಗಿದ್ದಳು. ಅಟ್ಟದ ಮೇಲೆ ಬೇಸಿಗೆಯಿಡೀ ಒಣಗಿ ಬಸವನ ಅಚ್ಚಿನ ಒಂದು ಹೋಳು ಸೀಳು ಬಿಟ್ಟಿತು. ಅಪ್ಪ ಅದಕ್ಕೆ ತಾಮ್ರದ ತಂತಿ ಬಿಗಿದರು. ಸೀಳು ಅಗಲವಾಗಲಿಲ್ಲ, ಕೂಡಿಕೊಳ್ಳಲೂ ಇಲ್ಲ. ಅಂದಿನಿಂದ ಆ ಅಚ್ಚಿನಲ್ಲಿ ಹುಯ್ದ ಪ್ರತಿಯೊಂದು ಬಸವನ ಎಡಭುಜದ ಮೇಲೆ ಕೂದಲೆಳೆಯಷ್ಟು ಒಂದು ಉಬ್ಬುಗೆರೆ ಮೂಡುತ್ತದೆ. ಅಚ್ಚಿನಲ್ಲಿ ಸೀಳಾದದ್ದು ಬೊಂಬೆಯಲ್ಲಿ ಉಬ್ಬು. ಅಮ್ಮ ಮೊದಮೊದಲು ಅದನ್ನು ಚಾಕುವಿನಿಂದ ಹೆರೆಯುತ್ತಿದ್ದಳಂತೆ, ಆಮೇಲೆ ಬಿಟ್ಟಳು. ಮಗಳು ಹೋದ ವರ್ಷದ ಒಂದು ಸಕ್ಕರೆ ಬಸವನನ್ನೇ ಮಾದರಿಯಾಗಿಟ್ಟುಕೊಂಡು ಸಿಲಿಕೋನು ಹುಯ್ದು ಹೊಸ ಅಚ್ಚು ಮಾಡಿದಾಗ ಆ ಗೆರೆಯೂ ಬಂದು ಕೂತಿತು. ನನ್ನಷ್ಟೇ ವಯಸ್ಸಾದ ಗೆರೆ.

ಸಕ್ಕರೆ ಅಚ್ಚು ಹುಯ್ಯುವ ಕೆಲಸ ನೋಡುವವರಿಗೆ ಸುಲಭ. ಮರದ ಅಚ್ಚನ್ನು ಮೊದಲು ನೀರಲ್ಲಿ ಚೆನ್ನಾಗಿ ನೆನೆಸಬೇಕು, ಇಲ್ಲದಿದ್ದರೆ ಪಾಕ ಮರಕ್ಕೆ ಕಚ್ಚಿಕೊಳ್ಳುತ್ತದೆ. ಸಕ್ಕರೆ ಮುಳುಗುವಷ್ಟೇ ನೀರು ಹಾಕಿ ಕುದಿಸಿ, ಸ್ವಲ್ಪ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ತೆಗೆದು, ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಬೇಕು. ಆಮೇಲೆ ಒಂದೊಂದೇ ಸೌಟು ಸಣ್ಣ ಬಾಣಲೆಗೆ ಹಾಕಿ ಎಳೆಪಾಕ ಬರುವತನಕ ಕಾಯಿಸಿ, ಕೆಳಗಿಳಿಸಿ, ಸೌಟಿನ ಬೆನ್ನಿನಿಂದ ಬಾಣಲೆಯ ಬದಿಗೆ ಉಜ್ಜುತ್ತಾ ಹೋಗಬೇಕು. ತಿಳಿಯಾಗಿದ್ದ ಪಾಕ ಮಬ್ಬಾಗುತ್ತದೆ, ಆಮೇಲೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಒಂದು ಗಳಿಗೆಯಲ್ಲಿ ದಾರ ಬಿಗಿದ ಅಚ್ಚಿನ ಬಾಯಿಗೆ ಹುಯ್ಯಬೇಕು. ಒಂದು ಗಳಿಗೆ ಮೊದಲಾದರೆ ಗಟ್ಟಿಯಾಗದೆ ಜಿಗುಟಾಗುತ್ತದೆ. ಒಂದು ಗಳಿಗೆ ತಡವಾದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ. ಉಜ್ಜುವಾಗ ನಡೆಯುವುದಿಷ್ಟೇ: ಕರಗಿ ಬೆರೆತುಹೋಗಿದ್ದ ಸಕ್ಕರೆಯಲ್ಲಿ ಸಣ್ಣ ಸಣ್ಣ ಹರಳು ಹುಟ್ಟುತ್ತವೆ, ಒಂದನ್ನು ನೋಡಿ ಇನ್ನೊಂದು ಕಟ್ಟಿಕೊಳ್ಳುತ್ತದೆ. ಅಮ್ಮ ಇದನ್ನು ‘ಮನಸ್ಸು ಬರೋದು’ ಎನ್ನುತ್ತಾಳೆ. ‘ತಡಿ, ಸಕ್ಕರೆಗಿನ್ನೂ ಮನಸ್ಸು ಬಂದಿಲ್ಲ.’

ಇಷ್ಟೆಲ್ಲ ಆದಮೇಲೂ ಮುರಿಯುತ್ತಿದ್ದವು. ನವಿಲಿನ ಕತ್ತು, ಆನೆಯ ಸೊಂಡಿಲು, ಗೋಪುರದ ಕಳಸ. ತೆಳ್ಳಗಿದ್ದ ಜಾಗವೇ ಮೊದಲು ಹೋಗುವುದು. ಬಸವನಿಗೆ ಯಾವಾಗಲೂ ಕತ್ತು, ಇಲ್ಲವೇ ಕೊಂಬು. ಮುರಿದದ್ದನ್ನು ಮತ್ತೆ ಬಾಣಲೆಗೆ ಹಾಕಿ ಕಾಯಿಸಬಹುದಲ್ಲ ಎಂದರೆ ಅದಕ್ಕೂ ಮಿತಿಯಿದೆ. ಕಾಯಿಸಿದಷ್ಟೂ ಸಕ್ಕರೆ ಹಳದಿಗಿಳಿಯುತ್ತದೆ. ಹಾಲು ಬೆರೆತದ್ದಂತೂ ಬೇಗ ಕಂದುತ್ತದೆ. ಜೊತೆಗೆ ಆಗ ಸಕ್ಕರೆ ಪಡಿತರದಲ್ಲಿ ಬರುತ್ತಿದ್ದ ಕಾಲ. 1933ರಷ್ಟು ಹಿಂದೆಯೇ ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಶುರುವಾಗಿ, ಸುತ್ತಲೂ ಕಬ್ಬು ಬೆಳೆದು ನಿಂತಿದ್ದರೂ ನಮ್ಮ ಮನೆಯ ಡಬ್ಬಿಗೆ ಬೀಳುತ್ತಿದ್ದದ್ದು ಕಾರ್ಡಿಗೆ ಇಷ್ಟು ಎಂಬ ಲೆಕ್ಕದ್ದು. ಅಮ್ಮ ದೀಪಾವಳಿ ಕಳೆದದ್ದೇ ಕಾಫಿಗೆ ಅರ್ಧ ಚಮಚ ಕಡಿಮೆ ಹಾಕಿ ಸಂಕ್ರಾಂತಿಯ ಅಚ್ಚಿಗೆ ಕೂಡಿಡುತ್ತಿದ್ದಳು. ಅಂಥ ಸಕ್ಕರೆಯಲ್ಲಿ ಹುಯ್ದ ಬಸವ ಮುರಿದರೆ ಬಿಸಾಡುವ ಮಾತೇ ಇರಲಿಲ್ಲ.

ಹಾಗಾಗಿ ಅವಳು ರಿಪೇರಿ ಕಲಿತಳು. ಮುರಿದ ಎರಡೂ ಮುಖಕ್ಕೆ ಬೆರಳ ತುದಿಯಿಂದ ಒಂದೇ ಒಂದು ಹನಿ ನೀರು ಸವರುವುದು. ಆ ಹನಿ ಮೇಲಿನ ಸಕ್ಕರೆಯನ್ನು ಕರಗಿಸುತ್ತದೆ. ಒತ್ತಿ ಹಿಡಿದುಕೊಂಡರೆ ನೀರು ಆರುತ್ತಾ ಆರುತ್ತಾ ಕರಗಿದ ಸಕ್ಕರೆಯೇ ಮತ್ತೆ ಹರಳುಗಟ್ಟಿ ಈ ದಡದಿಂದ ಆ ದಡಕ್ಕೆ ಸೇತುವೆಯಾಗುತ್ತದೆ. ಎರಡು ಹನಿಯಾದರೆ ಗುಳಿ ಬೀಳುತ್ತದೆ. ದೊಡ್ಡ ಮುರಿತಕ್ಕೆ ನೀರು ಸಾಲದು, ಗಟ್ಟಿಪಾಕವೇ ಬೇಕು. ಕೂಡಿಸಿದ ಬೊಂಬೆಯನ್ನು ಅಕ್ಕಿ ತುಂಬಿದ ಬಟ್ಟಲಲ್ಲಿ ಕತ್ತಿನವರೆಗೆ ಹೂತು ನಿಲ್ಲಿಸುತ್ತಿದ್ದಳು, ಅಲ್ಲಾಡದ ಹಾಗೆ. ಬೆಳಗಾಗುವ ಹೊತ್ತಿಗೆ ಎಲ್ಲಿ ಮುರಿದಿತ್ತೆಂದು ಹುಡುಕಬೇಕಾಗುತ್ತಿತ್ತು.

ತುಂಡೇ ಕಳೆದುಹೋದರೆ? ಅಲ್ಲಿ ಅವಳ ಕೈಚಳಕ ಶುರು. ಗೋಪುರದ ಕಳಸಕ್ಕೆ ಲವಂಗ ಚುಚ್ಚುತ್ತಿದ್ದಳು. ಗಿಳಿಯ ಕೊಕ್ಕು ಹೋದರೆ ಕೇಸರಿಯಲ್ಲಿ ನೆನೆಸಿದ ಕೊಬ್ಬರಿಯ ಚೂರು. ಆನೆಯ ಕಿವಿಗೆ ಸಿಪ್ಪೆ ಸುಲಿದು ಸೀಳಿದ ಬಾದಾಮಿ. ಬಸವನ ಕೊಂಬಿಗೆ ಗೋಡಂಬಿ, ಅದರ ಬಾಗು ಕೊಂಬಿಗೆಂದೇ ಹುಟ್ಟಿದ ಹಾಗಿರುತ್ತದೆ. ತುಳಸಿಕಟ್ಟೆಯ ಗಿಡ ಮುರಿದ ವರ್ಷ ನಿಜವಾದ ತುಳಸಿಯ ಕುಡಿಯನ್ನೇ ನೆಟ್ಟು, ‘ನೋಡು, ಈ ಸಲ ಚಿಗುರಿದೆ’ ಎಂದು ನನ್ನ ಕೈಗೆ ಕೊಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಅದನ್ನೇ ಬೇಕೆಂದು ಹಟಮಾಡಿ ಇಟ್ಟುಕೊಂಡಿದ್ದೆ.

ಮುರಿದ ಅಚ್ಚನ್ನು ಹೊರಗಿನವರಿಗೆ ಕೊಡಬಾರದು ಎಂಬ ಮಾತು ಬೀದಿಯ ಎಲ್ಲ ಮನೆಯಲ್ಲೂ ಇತ್ತು. ದೇವರ ಮೂರ್ತಿ ಭಿನ್ನವಾದರೆ ಪೂಜೆಗೆ ಬರುವುದಿಲ್ಲ ಎನ್ನುತ್ತಾರಲ್ಲ, ಅದರದೇ ನೆರಳಿರಬೇಕು ಎಂದುಕೊಂಡಿದ್ದೆ. ಅಮ್ಮನ ಕಾರಣ ಬೇರೆ. ‘ಮುರಿಯೋದು ಈಸ್ಕೊಂಡೋರ ಕೆಲಸ ಕಣೆ. ನಾವೇ ಮುರಿದು ಕೊಟ್ಟರೆ ಅವರಿಗೇನು ಉಳೀತು?’ ಎಂದಿದ್ದಳು ಒಮ್ಮೆ, ಅಕ್ಕಿಯ ಬಟ್ಟಲಿನಿಂದ ನವಿಲನ್ನು ಎತ್ತುತ್ತಾ. ಮಕ್ಕಳು ಆನೆಯ ಯಾವ ಭಾಗವನ್ನು ಮೊದಲು ಕಚ್ಚುತ್ತಾರೆ, ಎಷ್ಟು ದಿನ ಕಚ್ಚದೆ ಬರಿದೇ ನೆಕ್ಕಿ ಇಡುತ್ತಾರೆ, ಯಾರಿಗೆ ಸೊಂಡಿಲು ಮುರಿದು ಕೊಡುತ್ತಾರೆ, ಇದೆಲ್ಲ ಆ ಮಗುವಿಗೆ ಸೇರಿದ ಸಂಗತಿ. ನಮ್ಮ ಕೈಯ ಅಜಾಗರೂಕತೆ ಅದನ್ನು ಮೊದಲೇ ತಿಂದುಬಿಡಬಾರದು. ನನಗೆ ಆ ಮಾತು ಇವತ್ತಿಗೂ ಸರಿ ಎನ್ನಿಸುತ್ತದೆ.

ನಮ್ಮ ಮಹಡಿಯಲ್ಲಿ ಕೆಲವು ವರ್ಷ ಧಾರವಾಡ ಕಡೆಯವರು ಬಾಡಿಗೆಗಿದ್ದರು. ಅವರಲ್ಲಿ ಸಕ್ಕರೆ ಬೊಂಬೆ ಸಂಕ್ರಾಂತಿಗಲ್ಲ, ಕಾರ್ತಿಕದ ಗೌರಿ ಹುಣ್ಣಿಮೆಗೆ. ಬಣ್ಣಬಣ್ಣದ ಸಕ್ಕರೆ ಬೊಂಬೆಗಳನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ಗೌರಿಗೆ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸಕ್ಕರೆ ಆರತಿ ತರುತ್ತಾರೆ. ‘ನಮ್ಮ ಬೀಗರು ಬಸ್ಸಿನ್ಯಾಗ ಚುರುಮುರಿ ಚೀಲದೊಳಗ ಹುಗದು ತಂದಿದ್ರು ನೋಡ್ರಿ, ಒಂದೂ ಒಡೀಲಿಲ್ಲ’ ಎಂದು ಆ ಮನೆಯಾಕೆ ಹೇಳುವಾಗ, ಮದುವೆಯಾಗಿ ಮೂವತ್ತು ವರ್ಷವಾದ ಮೇಲೂ ಮುಖ ಅರಳುತ್ತಿತ್ತು. ಅಮ್ಮನ ಅಕ್ಕಿಯ ಬಟ್ಟಲು, ಅವರ ಚುರುಮುರಿ ಚೀಲ. ಇಬ್ಬರೂ ಗಂಟೆಗಟ್ಟಲೆ ಅದನ್ನೇ ಮಾತಾಡಿದ್ದರು.

ಈಗ ಈ ಚಾಕೊಲೇಟಿನ ಬಸವ.

ಅಮ್ಮ ಎದ್ದು ಬಂದು ನೋಡಿ, ಅಭ್ಯಾಸಬಲದಿಂದ ಬೆರಳನ್ನು ನೀರಿನ ಲೋಟಕ್ಕೆ ಅದ್ದಿದಳು. ‘ಅಜ್ಜೀ, ನೀರು ಬೇಡ!’ ಎಂದು ಮಗಳು ಕೂಗಿಯೇ ಬಿಟ್ಟಳು. ಕರಗಿದ ಚಾಕೊಲೇಟಿಗೆ ಒಂದು ತೊಟ್ಟು ನೀರು ಬಿದ್ದರೂ ಸಾಕು, ಅದು ಮರಳು ಮರಳಾಗಿ ಗಂಟುಕಟ್ಟಿಕೊಳ್ಳುತ್ತದೆ. ಅದರೊಳಗಿನ ಸಕ್ಕರೆಯ ಪುಡಿಯೆಲ್ಲ ಆ ನೀರಿಗೆ ಅಂಟಿಕೊಂಡು ಕೊಕೊ ಬೆಣ್ಣೆಯಿಂದ ಬೇರೆಯಾಗಿ ನಿಲ್ಲುತ್ತದೆ. ನೆನೆಸಿದ ಮರದ ಅಚ್ಚಿಗೆ ನೇರ ಹುಯ್ಯದೆ ಸಿಲಿಕೋನಿನ ಅಚ್ಚು ಮಾಡಿಕೊಂಡದ್ದೂ ಅದಕ್ಕೇ. ಸಕ್ಕರೆಯನ್ನು ಕೂಡಿಸುವ ನೀರೇ ಚಾಕೊಲೇಟಿಗೆ ವೈರಿ. ಅರವತ್ತು ವರ್ಷದ ಕೈ ಒಂದು ಕ್ಷಣ ಲೋಟದ ಮೇಲೆ ಹಾಗೇ ನಿಂತಿತು. ಆಮೇಲೆ ಅಮ್ಮ ಸೆರಗಿಗೆ ಬೆರಳೊರೆಸಿಕೊಂಡು, ‘ಹಾಗಾದ್ರೆ ಇದಕ್ಕೇನು ಬೇಕು?’ ಎಂದು ಕೇಳಿದಳು. ಎಂಬತ್ತನಾಲ್ಕು ವರ್ಷದವಳು ಮೊಮ್ಮಗಳನ್ನು ಹಾಗೆ ಕೇಳಿದ್ದು ನನಗೆ ತುಂಬ ಇಷ್ಟವಾಯಿತು.

‘ಬಿಸಿ ಬೇಕು ಅಜ್ಜಿ. ಆದ್ರೆ ಸ್ವಲ್ಪವೇ.’

ಮಗಳು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಕೊಕೊ ಬೆಣ್ಣೆ ಗಟ್ಟಿಯಾಗುವಾಗ ಆರು ಬಗೆಯ ಹರಳಾಗಬಲ್ಲದು. ಅದರಲ್ಲಿ ಐದನೆಯದು ನಮಗೆ ಬೇಕಾದದ್ದು. ಅದು ಕಟ್ಟಿಕೊಂಡರೆ ಹೊಳಪು ಬರುತ್ತದೆ, ಮುರಿದಾಗ ‘ಟಿಕ್’ ಎನ್ನುತ್ತದೆ, ಅಚ್ಚಿನಲ್ಲಿ ಒಂಚೂರು ಕುಗ್ಗಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಕಪ್ಪು ಚಾಕೊಲೇಟನ್ನು 45 ಡಿಗ್ರಿಯ ಮೇಲಕ್ಕೆ ಕರಗಿಸಿ, 27ರ ಹತ್ತಿರ ಇಳಿಸಿ, ಮತ್ತೆ 31ಕ್ಕೆ ಏರಿಸುವುದು ಅದಕ್ಕೇ. ಅವಳು ‘ಟೆಂಪರಿಂಗ್’ ಎನ್ನುತ್ತಾಳೆ, ಅಮ್ಮ ‘ಹದ’ ಎನ್ನುತ್ತಾಳೆ. ಇನ್ನೊಂದು ದಾರಿಯೂ ಇದೆಯಂತೆ: ಕರಗಿದ ಚಾಕೊಲೇಟಿಗೆ ಮೊದಲೇ ಹದವಾಗಿ ಗಟ್ಟಿಯಾದ ಚಾಕೊಲೇಟಿನ ಚೂರು ಹಾಕಿ ಕೈಯಾಡಿಸುವುದು. ಆ ಚೂರನ್ನು ನೋಡಿ ಉಳಿದದ್ದೂ ಹಾಗೇ ಕಟ್ಟಿಕೊಳ್ಳುತ್ತದೆ. ‘ಹೆಪ್ಪು ಹಾಕಿದ ಹಾಗೆ’ ಎಂದಳು ಅಮ್ಮ. ಹೌದು, ಹಾಗೇ. ಬಾಣಲೆಯ ಬದಿಗೆ ಉಜ್ಜಿ ಉಜ್ಜಿ ಅವಳು ಸಕ್ಕರೆಗೆ ಬರಿಸುತ್ತಿದ್ದ ಮನಸ್ಸೂ ಇದೇ.

ಚಾಕೊಲೇಟು ಹೊರದೇಶದ ಪದಾರ್ಥ ಎಂದು ಅಮ್ಮ ಬಹಳ ಕಾಲ ಅಂದುಕೊಂಡಿದ್ದಳು. ದಕ್ಷಿಣ ಕನ್ನಡದಲ್ಲಿ, ಕಾಸರಗೋಡಿನಲ್ಲಿ ಅಡಿಕೆ ಮರಗಳ ನಡುವಿನ ನೆರಳಲ್ಲಿ ಕೊಕೊ ಬೆಳೆಯುತ್ತಾರೆ, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ಕಟ್ಟಿತು ಎಂದು ಮಗಳು ವಿವರಿಸಿದ ಮೇಲೆ, ‘ಮಂಡ್ಯದ ಸಕ್ಕರೆ, ಪುತ್ತೂರಿನ ಕೊಕೊ. ಮತ್ತೇನು?’ ಎಂದು ಒಪ್ಪಿಕೊಂಡಳು. ಮಡಿಗೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಗದ್ದಲ ಕೇಳಿ ನಮ್ಮವರು ಒಳಗೆ ಬಂದರು. ನೋಡಿ, ‘ಕರಗಿಸಿ ಇನ್ನೊಂದು ಹುಯ್ದರಾಯ್ತಲ್ಲ? ನಾಳೆ ತಿಂದು ಮುಗಿಸೋದಕ್ಕೆ ರಿಪೇರಿ ಯಾಕೆ?’ ಎಂದರು. ಕೇಳಬೇಕಾದ ಪ್ರಶ್ನೆಯೇ. ಸಕ್ಕರೆಯ ಹಾಗೆ ಚಾಕೊಲೇಟು ಮತ್ತೆ ಕರಗಿಸಿದರೆ ಹಳದಿಯಾಗುವುದಿಲ್ಲ. ನೀರು ಸೋಕದೆ, ಸೀದುಹೋಗದೆ ಇದ್ದರೆ ಎಷ್ಟು ಸಲ ಬೇಕಾದರೂ ಹೊಸ ಜನ್ಮ ಪಡೆಯಬಲ್ಲದು. ಮಗಳ ಕೈಯೂ ಆಗಲೇ ಬಾಣಲೆಯ ಕಡೆ ಹೋಗಿತ್ತು.

ತಡೆದದ್ದು ಅಮ್ಮ. ‘ಮುಖ ಚೆನ್ನಾಗಿ ಬಂದಿದೆ’ ಎಂದಳು.

ನಿಜ, ಬಂದಿತ್ತು. ರೆಪ್ಪೆಯ ಮಡಿಕೆ, ಮೂಗಿನ ಹೊಳ್ಳೆ, ಬಾಯ ಅಂಚಿನಲ್ಲಿ ಮೆಲುಕು ಹಾಕುತ್ತಿರುವಂಥ ಒಂದು ಸಣ್ಣ ಡೊಂಕು, ಎಲ್ಲವೂ. ಹತ್ತು ಹುಯ್ದರೆ ಒಂದಕ್ಕೆ ಅಂಥ ಮುಖ ಬರುತ್ತದೆ ಎಂಬುದು ಅಚ್ಚು ಹುಯ್ದವರಿಗೆಲ್ಲ ಗೊತ್ತು. ಗಾಳಿಗುಳ್ಳೆ ಎಲ್ಲಿ ಕೂರುತ್ತದೆಂದು ಯಾರೂ ಹೇಳಲಾರರು. ಇಷ್ಟು ಚೆನ್ನಾಗಿ ಬಂದ ಮುಖವನ್ನು ಕತ್ತು ಬಿರಿದಿದೆ ಎಂಬ ಒಂದೇ ಕಾರಣಕ್ಕೆ ಕರಗಿಸುವುದು ಅವಳಿಗೆ ಆಗದ ಮಾತು. ನನಗೂ.

ಕೆಲಸಕ್ಕೆ ಕೂತೆವು. ಮಗಳು ಹತ್ತಿಯ ಕೈಗವಸು ಹಾಕಿಕೊಂಡಳು, ಬೆರಳ ಬಿಸಿಗೇ ಚಾಕೊಲೇಟು ಮೆತ್ತಗಾಗಿ ಗುರುತು ಬೀಳುತ್ತದೆ. ಆ ಐದನೆಯ ಹರಳು ಕರಗುವುದು ಸುಮಾರು 34 ಡಿಗ್ರಿಗೆ. ನಮ್ಮ ಮೈಬಿಸಿ 37. ನಾಲಿಗೆಯ ಮೇಲಿಟ್ಟರೆ ಕರಗುವ ಸುಖದ ಗುಟ್ಟು ಈ ಮೂರು ಡಿಗ್ರಿಯಲ್ಲಿದೆ. ಏಪ್ರಿಲ್ಲಿನ ಮಧ್ಯಾಹ್ನವಾಗಿದ್ದರೆ ಬೆಂಗಳೂರಿನ ಗಾಳಿಯೇ ಅಷ್ಟು ಬಿಸಿ ಇರುತ್ತಿತ್ತು. ಜನವರಿಯ ರಾತ್ರಿ ನಮ್ಮ ಕಡೆಗಿತ್ತು. ಕಿಟಕಿ ತೆರೆದರೆ ರಾಮಾಂಜನೇಯ ಗುಡ್ಡದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು.

ಅಮ್ಮ ಹೇಳದೆಯೇ ಹೋಗಿ ಅಕ್ಕಿಯ ಬಟ್ಟಲು ತಂದಳು. ಮಗಳು ಅದರ ಮೇಲೆ ತೆಳ್ಳನೆ ಪ್ಲಾಸ್ಟಿಕ್ಕು ಹಾಸಿ ಬಸವನನ್ನು ಬೆನ್ನಮೇಲೆ ಮಲಗಿಸಿದಳು. ಒಳಗೆ ಪೊಳ್ಳು, ಪೀಠದ ಅಡಿ ತೆರೆದೇ ಇತ್ತು. ಅಲ್ಲಿಂದ ಸಣ್ಣ ಕುಂಚ ತೂರಿಸಿ ಬಿರುಕಿನ ಒಳಬದಿಗೆ ಹದವಾದ ಚಾಕೊಲೇಟನ್ನು ಸವರಿದಳು. ಆರಲು ಬಿಟ್ಟು ಮತ್ತೊಂದು ಪದರ, ಮತ್ತೊಂದು. ಒಡೆದ ಗೋಡೆಗೆ ಒಳಗಿನಿಂದ ಗಾರೆ ಮೆತ್ತಿದ ಹಾಗೆ. ಹೊರಗಿನ ಬಿರುಕಿಗೆ ಕಾಗದದ ಕೋನಿನಿಂದ ಎಳೆಯಾಗಿ ತುಂಬಿ, ಗಟ್ಟಿಯಾಗುವ ಮುಂಚೆ ಚಾಕುವಿನ ಬೆನ್ನಿನಿಂದ ಹೆರೆದಳು. ಕೊಂಬಿಗೆ ಬೇರೆ ಉಪಾಯ. ತವಾ ಉಗುರುಬೆಚ್ಚಗೆ ಮಾಡಿ, ಮುರಿದ ಕೊಂಬಿನ ಬುಡವನ್ನು ಅದಕ್ಕೆ ಒಂದು ಕ್ಷಣ ಮುಟ್ಟಿಸಿ, ಕರಗಿದ ಅಂಚನ್ನು ತಲೆಗೆ ಒತ್ತಿ ಹಿಡಿದಳು. ಅವಳ ಕೈ ನಡುಗುವುದನ್ನು ನೋಡಿ ಅಮ್ಮ ಕೆಳಗಿನಿಂದ ತನ್ನ ಅಂಗೈ ಆನಿಸಿದಳು. ಅಮ್ಮನ ಅಂಗೈ ಈಗ ಯಾವಾಗಲೂ ತಣ್ಣಗೇ ಇರುತ್ತದೆ. ಅವತ್ತು ಅದು ಉಪಯೋಗಕ್ಕೆ ಬಂತು.

ಪದರ ಪದರಕ್ಕೂ ಕಾಯಬೇಕಿತ್ತು. ಕಾಯುವಾಗ ಮಗಳು ಜಿನೀವಾದ ಒಂದು ಹಬ್ಬದ ಕತೆ ಹೇಳಿದಳು. 1602ರ ಡಿಸೆಂಬರಿನ ಒಂದು ರಾತ್ರಿ ಸವಾಯ್ ಸೈನಿಕರು ಏಣಿ ಹಾಕಿ ಊರಿನ ಕೋಟೆಗೋಡೆ ಹತ್ತಿದಾಗ ಒಬ್ಬಾಕೆ ಕುದಿಯುವ ಸೂಪಿನ ಪಾತ್ರೆಯನ್ನು ಮೇಲಿಂದ ಸುರಿದಳೆಂದು ಅಲ್ಲಿಯವರು ಹೇಳುತ್ತಾರೆ. ಅದರ ನೆನಪಿಗೆ ಪ್ರತಿ ಡಿಸೆಂಬರಿನಲ್ಲಿ ಚಾಕೊಲೇಟಿನ ಪಾತ್ರೆ ಹುಯ್ದು, ಒಳಗೆ ಬಾದಾಮಿ ಹಿಟ್ಟಿನ ತರಕಾರಿಗಳನ್ನು ತುಂಬುತ್ತಾರೆ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಕಿರಿಯರು ಕೈಗೆ ಕೈ ಸೇರಿಸಿ ಅದನ್ನು ಒಡೆಯುತ್ತಾರೆ. ಅಮ್ಮ ಕತೆಯನ್ನೆಲ್ಲ ಕೇಳಿ, ‘ಒಡೆಯೋವರೆಗೂ ಅದು ಬಿರುಕು ಬಿಡದ ಹಾಗೆ ಎಷ್ಟು ಜೋಪಾನ ಮಾಡಿರ್ತಾರೋ’ ಎಂದಳು.

ನಾನು ಬೇರೆಯದೇ ಯೋಚಿಸುತ್ತಿದ್ದೆ. ನಮ್ಮ ಬಡಾವಣೆಯ ಹೆಸರಿನಲ್ಲೇ ಒಂದು ಮುರಿತವಿದೆ. ಸೂರ್ಯನನ್ನು ಹಣ್ಣೆಂದುಕೊಂಡು ಹಾರಿದ ಮಗುವಿಗೆ ಇಂದ್ರನ ವಜ್ರಾಯುಧ ತಗುಲಿ ಎಡದವಡೆ ಮುರಿಯಿತು. ಹನು ಎಂದರೆ ದವಡೆ. ಹಾಗೆ ಹನುಮಂತನಾದ. ದೇವತೆಗಳೆಲ್ಲ ಬಂದು ವರ ಕೊಟ್ಟರು, ಆದರೂ ಪೆಟ್ಟಿನ ಗುರುತು ಹೆಸರಾಗಿ ಉಳಿಯಿತು. ಇನ್ನು ಬಸವನಗುಡಿಯ ದೊಡ್ಡ ಬಸವನ ಕತೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಕಡಲೆಕಾಯಿ ಹೊಲಕ್ಕೆ ನುಗ್ಗಿದ ಬಸವನನ್ನು ರೈತ ದೊಣ್ಣೆಯಿಂದ ಹೊಡೆದ, ಅದು ಅಲ್ಲೇ ಕೂತು ಕಲ್ಲಾಯಿತು. ಮರುಗಿದ ರೈತರು ಗುಡಿ ಕಟ್ಟಿ, ಮೊದಲ ಬೆಳೆಯನ್ನು ತಂದೊಪ್ಪಿಸಿದರು. ಇಂದಿಗೂ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಈ ಪರಿಷೆಯೇ ಒಂದು ದೊಡ್ಡ ರಿಪೇರಿ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಹೊಡೆದದ್ದನ್ನು ಹೊಡೆಯಲಿಲ್ಲ ಎನ್ನಲಾಗದು. ವರ್ಷಕ್ಕೊಂದು ಸಲ ಬೊಗಸೆ ತುಂಬ ಕಡಲೆಕಾಯಿ ತಂದು ಅದರ ಮುಂದೆ ಸುರಿಯಬಹುದು.

ಹನ್ನೊಂದೂವರೆಗೆ ಬಸವ ಎದ್ದು ಕೂತ. ಕತ್ತು ಗಟ್ಟಿಯಾಗಿತ್ತು, ಕೊಂಬೂ ನಿಂತಿತ್ತು. ಆದರೆ ಬೆಸುಗೆಯ ಜಾಗದಲ್ಲಿ ಹೊಳಪು ಹೋಗಿ ಮಂಕಾದ ಒಂದು ಪಟ್ಟಿ ಕತ್ತಿನ ಸುತ್ತ ಕಾಣುತ್ತಿತ್ತು. ಕೊಂಬಿನ ಬುಡ ಸ್ವಲ್ಪ ದಪ್ಪಗಾಗಿತ್ತು. ಮಗಳಿಗೆ ಸಮಾಧಾನವಾಗಲಿಲ್ಲ. ಮೈಗೆಲ್ಲ ಕೊಕೊ ಪುಡಿ ಸವರಿ ಮಂಕನ್ನು ಮರೆಮಾಡಿಬಿಡೋಣವೇ ಎಂದಳು. ಆಗ ಆ ಮುಖದ ಹೊಳಪೂ ಮುಚ್ಚಿಹೋಗುತ್ತದೆ. ಅಮ್ಮ ಒಂದೂ ಮಾತಾಡದೆ, ಎಳ್ಳಿಗೆ ಬೆರೆಸಲು ತೆಗೆದಿಟ್ಟಿದ್ದ ಜೀರಿಗೆ ಪೆಪ್ಪರಮೆಂಟಿನ ಪೊಟ್ಟಣ ಬಿಚ್ಚಿದಳು. ಕೆಂಪು, ಹಸಿರು, ಹಳದಿ, ಬಿಳಿ. ‘ನಾಳೆ ಸಂಕ್ರಾಂತಿ. ಯಾವ ಊರಲ್ಲಿ ಬಸವನ್ನ ಸಿಂಗಾರ ಮಾಡದೆ ಆಚೆ ಬಿಡ್ತಾರೆ?’

ಅದು ನನಗೂ ಮಗಳಿಗೂ ಹೊಳೆದಿರಲಿಲ್ಲ. ಮಂಡ್ಯ, ಮೈಸೂರು ಕಡೆ ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ಕಿಚ್ಚು ಹಾಯಿಸುತ್ತಾರೆ. ಬಿರುಕಿದ್ದದ್ದು ಸರಿಯಾಗಿ ಗೆಜ್ಜೆಸರ ಬರುವ ಜಾಗದಲ್ಲಿ. ಮಗಳು ಕತ್ತಿನ ಆ ಮಂಕು ಪಟ್ಟಿಯ ಮೇಲೆ ಚಾಕೊಲೇಟಿನ ಎಳೆ ಎಳೆದಳು. ಅಮ್ಮ ಚಿಮುಟದಲ್ಲಿ ಒಂದೊಂದೇ ಕಾಳು ಎತ್ತಿ ಕೂರಿಸಿದಳು. ಎದೆಯ ನಡುವಿಗೆ ಗಂಟೆಯಾಗಿ ಒಂದು ಹುರಿಗಡಲೆ. ಕೊಂಬಿನ ಬುಡಕ್ಕೆ ಸುತ್ತಲೂ ಹಳದಿ ಕಾಳಿನ ಸಾಲು, ಹಿತ್ತಾಳೆಯ ಬಳೆ ತೊಡಿಸಿದ ಹಾಗೆ. ಮುರಿದ ಕೊಂಬಿಗೆ ಮಾತ್ರ ಹಾಕಿದರೆ ಚೆನ್ನಾಗಿರುವುದಿಲ್ಲವಲ್ಲ, ಇನ್ನೊಂದಕ್ಕೂ ಅಷ್ಟೇ. ಅಮ್ಮನ ಕಣ್ಣಿಗೆ ಕಾಳು ಸರಿಯಾಗಿ ಕಾಣದಿದ್ದಾಗ ನಾನು ಮೊಬೈಲಿನ ಬೆಳಕು ಹಿಡಿದೆ. ಎಡಭುಜದ ಉಬ್ಬುಗೆರೆಯ ಮೇಲೂ ಕಾಳು ಕೂರಿಸಲೇ ಎಂದು ಮಗಳು ಕೇಳಿದಳು. ‘ಅದು ಇರಲಿ. ಅದು ಮುರಿದದ್ದಲ್ಲ’ ಎಂದಳು ಅಮ್ಮ.

ಕೊಂಬಿನ ವಿಷಯದಲ್ಲಿ ಅಮ್ಮ ಅಷ್ಟು ಕಾಳಜಿ ವಹಿಸಿದ್ದಕ್ಕೆ ಇನ್ನೊಂದು ಕಾರಣವನ್ನು ಮಲಗುವ ಮುಂಚೆ ಹೇಳಿದಳು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಗವಿಪುರದ ಗಂಗಾಧರೇಶ್ವರನ ಗುಹಾಲಯ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಕಿಟಕಿಯಿಂದ ತೂರಿ, ನಂದಿಯ ಎರಡು ಕೊಂಬಿನ ನಡುವೆ ಹಾದು, ಒಳಗಿನ ಲಿಂಗದ ಮೇಲೆ ಬೀಳುತ್ತದೆ. ಮೊಳಕಾಲು ಗಟ್ಟಿಯಿದ್ದಷ್ಟು ವರ್ಷ ಅಮ್ಮ ಆ ಜನಸಂದಣಿಯಲ್ಲಿ ನಿಂತು ಅದನ್ನು ನೋಡಿದವಳು. ‘ಆ ದಿನ ಬೆಳಕು ಬರೋದೇ ಎರಡು ಕೊಂಬಿನ ಮಧ್ಯೆ. ಒಂಟಿಕೊಂಬಿನ ಬಸವನ್ನ ಹೇಗೆ ಕೊಡೋದು?’

ಬೆಳಿಗ್ಗೆ ಎದುರುಮನೆಯಲ್ಲಿ ಹಣ್ಣೆರೆದು ಮುಗಿದ ಮೇಲೆ ಮಗಳು ಡಬ್ಬಿಯಿಂದ ಬಸವನನ್ನು ತೆಗೆದು ಮಗುವಿನ ಮಡಿಲಿಗಿಟ್ಟಳು. ರಾತ್ರಿಯ ಕತೆಯನ್ನು ಯಾರೂ ಮುಚ್ಚಿಡಲಿಲ್ಲ, ಕೇಳಿದ ಮೇಲೆ ಅಮ್ಮನೇ ಹೇಳಿದಳು: ‘ಕತ್ತು ನೋವಾಗಿತ್ತು ಪುಟ್ಟಿ, ವಾಸಿ ಮಾಡಿದ್ವಿ.’ ಹುಡುಗಿ ಗೆಜ್ಜೆಸರದ ಮೇಲೆ ಬೆರಳಾಡಿಸಿ ‘ಈಗ ನೋವಿಲ್ವಾ?’ ಎಂದು ಬಸವನನ್ನೇ ಕೇಳಿತು. ಆಮೇಲೆ ಗಂಟೆಯ ಹುರಿಗಡಲೆಯನ್ನು ಕಿತ್ತು ಬಾಯಿಗೆ ಹಾಕಿಕೊಂಡಿತು.

ಮುರಿಯಲು ಹೊರಟಾಗ ಅದರ ಪುಟ್ಟ ಕೈಗೆ ಆಗಲಿಲ್ಲ. ಎರಡು ಸಲ ಪ್ರಯತ್ನಪಟ್ಟು ಅಮ್ಮನ ಕಡೆ ನೋಡಿತು. ಅಮ್ಮ ಕುರ್ಚಿ ಹತ್ತಿರ ಎಳೆದುಕೊಂಡು, ಆ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿದಳು. ‘ಟಿಕ್’ ಎಂದು ಬಸವನ ಬೆನ್ನು ಹಿಣಿಲಿನ ಹಿಂದೆ ಅಡ್ಡಕ್ಕೆ ಸೀಳಿತು. ಕತ್ತು ಹಾಗೇ ನಿಂತಿತ್ತು, ಎರಡು ಕೊಂಬೂ. ಮಗು ತಲೆಯ ತುಂಡನ್ನು ತನಗಿಟ್ಟುಕೊಂಡು, ಉಳಿದದ್ದನ್ನು ಸುತ್ತ ಕೂತ ಮಕ್ಕಳಿಗೆಲ್ಲ ಹಂಚಿ, ಎಡಭುಜದ ಚೂರನ್ನು ಅಮ್ಮನ ಕೈಗಿಟ್ಟಿತು.

ಅಮ್ಮ ಅದನ್ನು ತಿನ್ನದೆ ಮೊದಲು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಳಮೈ ನೋಡಿದಳು. ರಾತ್ರಿ ಮೆತ್ತಿದ ಪದರಗಳ ಅಂಚು ಅಲ್ಲಿ ಕಾಣುತ್ತಿತ್ತು. ಬೆರಳಲ್ಲಿ ಸವರಿ, ಮಗಳನ್ನು ಕರೆದಳು.

‘ಮುಂದಿನ ವರ್ಷ ಅಚ್ಚಲ್ಲಿ ಹುಯ್ಯೋವಾಗಲೇ ಕತ್ತಿನ ಹತ್ರ ಇನ್ನೊಂದು ಸುತ್ತು ತಿರುಗಿಸು. ಇಲ್ಲಿ ತೆಳ್ಳಗಾಗಿದೆ, ನೋಡು.’